ಬಾಲಿಯಲ್ಲಿ ಬಾಲಿಯದನ್ನೇ ಉಣ್ಣಿ

ಮಗಳೇ,

ನೀನೂ ಅಳಿಯಂದಿರೂ ಬಾಲಿಗೆ ಟಿಕೆಟ್ ಮಾಡಿಸಿದ್ದೀರಿ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು. ಜೊತೆಗೆ ನೀನು ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತಿರುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ, ಥೇಪ್ಲಾ, ಕಪ್ ನೂಡಲ್ಸುಗಳ ಪಟ್ಟಿಯನ್ನೂ ಓದಿದಳು. ಚಟ್ನಿಪುಡಿ ಒಯ್ಯಿ, ಬೇಡವೆನ್ನುವುದಿಲ್ಲ. ಉಳಿದದ್ದನ್ನು ಮನೆಯಲ್ಲೇ ಬಿಟ್ಟು ಹೋಗು. ಒಳ್ಳೆಯ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಮೆಣಸಿನಕಾಯಿ ಹೇರಳವಾಗಿರುವ ಊರಿಗೆ ಹೋಗುತ್ತಿದ್ದೀಯ. ಅಲ್ಲಿ ಹೋಟೆಲ್ ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ ಉಪ್ಪಿಟ್ಟು ಮಾಡಿಕೊಂಡು ತಿಂದರೆ ಆ ಊರಿಗೆ ಹೋಗಿಯೂ ಹೋಗದ ಹಾಗೆ. ನಿನ್ನ ಅಣ್ಣ ಬಾಲಿಯ ಡೆನ್ಪಸಾರ್‌ನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ನಾನು ಅವನ ಮನೆಯಲ್ಲಿದ್ದುಕೊಂಡು ಅಲ್ಲಿಯ ಸಂತೆಯಲ್ಲಿ ತರಕಾರಿ ತಂದು ಅಡುಗೆ ಮಾಡಿದವಳು. ಅಕ್ಕಪಕ್ಕದ ಹೆಂಗಸರ ಅಡುಗೆಮನೆಗಳನ್ನೂ ನೋಡಿದವಳು. ಆ ಸಲಿಗೆಯಿಂದ ಹೇಳುತ್ತಿದ್ದೇನೆ.

ಮೊದಲು ಜನಜಂಗುಳಿಯ ಮಾತು. ಬಾಲಿ ನಮ್ಮ ಹಾಸನ ಜಿಲ್ಲೆಗಿಂತ ಚಿಕ್ಕದು. ಅಲ್ಲಿ ಇರುವವರೇ 40 ಲಕ್ಷಕ್ಕೂ ಹೆಚ್ಚು. 2024ರಲ್ಲಿ ಹೊರದೇಶಗಳಿಂದ ಬಂದವರು 60 ಲಕ್ಷ ದಾಟಿದರು. ಇಂಡೋನೇಷ್ಯಾದ ಬೇರೆ ದ್ವೀಪಗಳಿಂದ ಬರುವವರ ಲೆಕ್ಕವೇ ಬೇರೆ. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಹೆಚ್ಚು ಜನ ಹೋಗುತ್ತಿರುವುದು ನಮ್ಮ ದೇಶದಿಂದಲೇ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲಂತೂ ಅಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಇಷ್ಟು ಜನವೂ ದ್ವೀಪದ ತುಂಬ ಹಂಚಿಹೋಗಿದ್ದರೆ ತೊಂದರೆಯಿರಲಿಲ್ಲ. ಎಲ್ಲರೂ ಸೇರುವುದು ದಕ್ಷಿಣದ ಕುಟಾ, ಸೆಮಿನ್ಯಾಕ್, ಚಂಗು ಕಡಲತೀರಗಳಲ್ಲಿ, ಮತ್ತು ನಡುವಿನ ಉಬುದ್ ಊರಿನಲ್ಲಿ. ಜುಲೈ, ಆಗಸ್ಟ್‌ನಲ್ಲಿ ಮತ್ತು ಕ್ರಿಸ್‌ಮಸ್ ಹೊತ್ತಿನಲ್ಲಿ ಚಂಗುವಿನ ಕಿರಿದಾದ ಗದ್ದೆದಾರಿಗಳಲ್ಲಿ ಕಾರಿಗಿಂತ ನಡೆದುಹೋಗುವವರೇ ಬೇಗ ಮುಟ್ಟುತ್ತಾರೆ.

ಈ ಗದ್ದಲದ ನಡುವೆ ಚೆನ್ನಾಗಿ ಉಣ್ಣಲು ದೂರದ ಹಳ್ಳಿಗೆ ಓಡಬೇಕಿಲ್ಲ. ಹೊತ್ತು ಬದಲಿಸಿಕೊಂಡರೆ ಸಾಕು. ಪ್ರವಾಸಿಗರು ಒಂಬತ್ತಕ್ಕೆ ಎದ್ದು, ಹತ್ತಕ್ಕೆ ಹೋಟೆಲಿನ ತಿಂಡಿ ಮುಗಿಸಿ, ಎರಡಕ್ಕೆ ಊಟ ಹುಡುಕುತ್ತಾರೆ. ಬಾಲಿಯವರ ದಿನ ನಸುಕಿನಲ್ಲೇ ಶುರುವಾಗುತ್ತದೆ. ಅಲ್ಲಿಯ ಮನೆಗಳಲ್ಲಿ ಹಿಂದಿನಿಂದಲೂ ಬೆಳಿಗ್ಗೆಯೇ ಇಡೀ ದಿನದ ಅಡುಗೆ ಮಾಡಿಟ್ಟುಬಿಡುವ ರೂಢಿ. ಅನ್ನ, ಎರಡು ಬಗೆ ತರಕಾರಿ, ಏನಾದರೊಂದು ಹುರಿದದ್ದು, ಜೊತೆಗೆ ಸಂಬಲ್ ಎಂಬ ಮೆಣಸಿನ ಚಟ್ನಿ. ಎಲ್ಲವನ್ನೂ ಮುಚ್ಚಿಟ್ಟಿರುತ್ತಾರೆ. ಯಾರಿಗೆ ಯಾವಾಗ ಹಸಿವೆಯೋ ಅವರು ಆಗ ಬಡಿಸಿಕೊಂಡು ಸುಮ್ಮನೆ ಒಂದು ಕಡೆ ಕೂತು ಉಣ್ಣುತ್ತಾರೆ. ಹಬ್ಬ, ಸಮಾರಂಭ ಬಿಟ್ಟರೆ ಎಲ್ಲರೂ ಒಟ್ಟಿಗೆ ಪಂಕ್ತಿಯಲ್ಲಿ ಕೂರುವುದು ಅಲ್ಲಿ ಕಡಿಮೆ. ವಾರುಂಗ್ ಎಂದು ಕರೆಯುವ ಸಣ್ಣ ಹೋಟೆಲುಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ. ಬೆಳಿಗ್ಗೆ ಅಡುಗೆಯಾಗುತ್ತದೆ, ಹನ್ನೊಂದರ ಹೊತ್ತಿಗೆ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವೂ ಬಿಸಿಯಾಗಿ ಜೋಡಿಸಿರುತ್ತದೆ, ಮಧ್ಯಾಹ್ನ ಮೂರಕ್ಕೆ ತಳ ಕಾಣುತ್ತದೆ. ಆದ್ದರಿಂದ ಹನ್ನೊಂದರಿಂದ ಹನ್ನೆರಡರೊಳಗೆ ಊಟ ಮುಗಿಸಿಕೊಳ್ಳಿ. ಆಗ ಜನವೂ ಕಡಿಮೆ, ಅಡುಗೆಯೂ ತಾಜಾ.

ವಾರುಂಗಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಸಂಕೋಚ ಬೇಡ. ಒಳಗೆ ಹೋಗಿ, ಬಡಿಸುವವಳು ನಿನಗಿಂತ ಸ್ವಲ್ಪ ದೊಡ್ಡವಳಾಗಿ ಕಂಡರೆ ‘ಮ್ಬೋಕ್’ ಎನ್ನು. ಅಕ್ಕ ಎಂದ ಹಾಗೆ. ವಯಸ್ಸಾದವರಾದರೆ ‘ಇಬು’. ಗಂಡಸಾದರೆ ‘ಬ್ಲಿ’, ಹಿರಿಯರಾದರೆ ‘ಪಾಕ್’. ಹೀಗೆ ಕರೆದರೆ ಮುಖ ಅರಳುತ್ತದೆ. ‘ನಾಸಿ ಚಂಪುರ್’ ಎಂದು ಕೇಳಿದರೆ ತಟ್ಟೆಯ ನಡುವೆ ಅನ್ನ ಹಾಕಿ ನಿನ್ನ ಬೆರಳಿನತ್ತ ನೋಡುತ್ತಾರೆ. ಏನೇನು ಬೇಕೋ ತೋರಿಸುತ್ತಾ ಹೋಗು. ಕೊನೆಗೆ ತಟ್ಟೆ ನೋಡಿ ಲೆಕ್ಕ ಹೇಳುತ್ತಾರೆ. ಅಲ್ಲಿಯ ಹತ್ತು ಸಾವಿರ ರುಪಿಯಾ ಎಂದರೆ ನಮ್ಮ ಐವತ್ತು ಚಿಲ್ಲರೆ ರೂಪಾಯಿ. ಸೊನ್ನೆಗಳನ್ನು ನೋಡಿ ಗಾಬರಿಯಾಗಬೇಡ. ವಾರುಂಗಿನಲ್ಲಿ ಚೌಕಾಸಿ ಮಾಡಬೇಡ. ಸಂತೆಯಲ್ಲಿ ಹಣ್ಣಿಗೆ, ಬಟ್ಟೆಗೆ ನಗುನಗುತ್ತ ಚೌಕಾಸಿ ಮಾಡು, ಅದು ಅಲ್ಲಿಯ ರೂಢಿಯೇ. ಬೇಯಿಸಿ ಬಡಿಸಿದ ಅನ್ನಕ್ಕೆ ಯಾರೂ ಮಾಡುವುದಿಲ್ಲ. ಕೈಯಲ್ಲಿ ಉಣ್ಣಬಹುದೇ ಎಂದು ಹಿಂಜರಿಯಬೇಕಾಗಿಲ್ಲ. ಅವರೂ ಬಲಗೈಯಲ್ಲೇ ಉಣ್ಣುವವರು. ನೀನು ಚಮಚ ಬದಿಗಿಟ್ಟದ್ದನ್ನು ಕಂಡರೆ ಕೈ ತೊಳೆಯಲು ಬಟ್ಟಲು ನೀರು ತಂದಿಡುತ್ತಾರೆ.

ದೊಡ್ಡ ರೆಸ್ಟೋರೆಂಟುಗಳಲ್ಲಿ ಮಾತ್ರ ಮೆನುವಿನ ಕೆಳಗೆ ಸಣ್ಣ ಅಕ್ಷರ ಓದಿಕೋ. ಬೆಲೆಯ ಪಕ್ಕ ಎರಡು ಕೂಡಿಸುವ ಗುರುತು ಇದ್ದರೆ ತೆರಿಗೆ ಮತ್ತು ಸೇವಾಶುಲ್ಕ ಬೇರೆ ಎಂದು ಅರ್ಥ. ಎರಡೂ ಸೇರಿ ಬಿಲ್ಲು ಐದನೇ ಒಂದು ಭಾಗದಷ್ಟು ಏರಬಹುದು. ಕಡಲತೀರದ ಬೀಚ್ ಕ್ಲಬ್ಬುಗಳಲ್ಲಿ ಕುರ್ಚಿ ಹಿಡಿಯಲು ಇಷ್ಟು ಲಕ್ಷ ರುಪಿಯಾದ ತಿಂಡಿ ತೀರ್ಥ ಕೊಳ್ಳಲೇಬೇಕೆಂಬ ಷರತ್ತು ಇರುತ್ತದೆ. ಈಜುಕೊಳದ ನೀರಿನ ಮೇಲೆ ಬುಟ್ಟಿಯಲ್ಲಿ ತೇಲಿಬಿಡುವ ತಿಂಡಿಯೂ ಇದೇ ಬಗೆಯದು. ಫೋಟೋ ತೆಗೆಯುವಷ್ಟರಲ್ಲಿ ಮೊಟ್ಟೆ ತಣ್ಣಗಾಗಿ, ಬ್ರೆಡ್ ಒದ್ದೆಯಾಗಿರುತ್ತದೆ. ಆ ದುಡ್ಡಿನಲ್ಲಿ ಇಬ್ಬರೂ ಎರಡು ದಿನ ವಾರುಂಗಿನಲ್ಲಿ ಹೊಟ್ಟೆ ತುಂಬ ಉಣ್ಣಬಹುದು. ಇವೆರಡನ್ನೂ ಬಿಟ್ಟುಬಿಡಿ ಎಂದೇ ನನ್ನ ಸಲಹೆ.

ಈಗ ನಿನ್ನ ವಿಷಯ. ನೀನು ಸಸ್ಯಾಹಾರಿ. ಬಾಲಿಯವರು ಹಿಂದೂಗಳು, ಹಾಗಾಗಿ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ ಎಂದು ನಮ್ಮ ಕಡೆಯ ಎಷ್ಟೋ ಜನ ನಂಬಿಕೊಂಡು ಹೋಗುತ್ತಾರೆ. ಅಲ್ಲಿಯ ಹಿಂದೂಗಳು ಹಂದಿ, ಬಾತು, ಕೋಳಿ, ಮೀನು ಎಲ್ಲ ತಿನ್ನುತ್ತಾರೆ. ದೇವರ ನೈವೇದ್ಯದಲ್ಲೂ ಅವು ಇರುತ್ತವೆ. ಅದು ಅವರ ಪದ್ಧತಿ, ನಾವು ಮೂಗು ಮುರಿಯುವ ವಿಷಯವಲ್ಲ. ನೀನು ಎಚ್ಚರವಿಡಬೇಕಾದದ್ದು ಕಣ್ಣಿಗೆ ಕಾಣದ ಒಂದು ವಸ್ತುವಿನ ಬಗ್ಗೆ. ಅದರ ಹೆಸರು ತೆರಾಸಿ. ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಅರೆದು, ಒಣಗಿಸಿದ ಕಂದು ಉಂಡೆ. ಅದನ್ನು ಚಿಟಿಕೆಯಷ್ಟು ಸಂಬಲ್‌ಗೆ, ಸೊಪ್ಪಿನ ಪಲ್ಯಕ್ಕೆ, ಕಡಲೆಕಾಯಿ ಗೊಜ್ಜಿಗೆ ಹಾಕುತ್ತಾರೆ. ತಟ್ಟೆಯಲ್ಲಿ ಬರೀ ಸೊಪ್ಪು, ಕಾಳು ಕಾಣುತ್ತದೆ. ಒಳಗೆ ಸಿಗಡಿ ಇರುತ್ತದೆ. ಮೇಲೆ ಅಲಂಕಾರಕ್ಕೆ ಇಟ್ಟ ಹಪ್ಪಳವೂ ಹಲವು ಸಲ ಸಿಗಡಿಯದ್ದೇ.

‘ವೆಜಿಟೇರಿಯನ್’ ಎಂದರೆ ಪ್ರವಾಸಿಗರ ಹೋಟೆಲಿನಲ್ಲಿ ಅರ್ಥವಾಗುತ್ತದೆ. ವಾರುಂಗಿನಲ್ಲಿ ‘ಹೌದು ಹೌದು’ ಎಂದು ತಲೆಯಾಡಿಸಿ ಮೊಟ್ಟೆ ಇಟ್ಟುಕೊಡುತ್ತಾರೆ. ‘ದಾಗಿಂಗ್’ ಎಂದರೆ ಮಾಂಸ, ಆದರೆ ಎಷ್ಟೋ ಜನರ ಬಾಯಲ್ಲಿ ಕೋಳಿ, ಮೀನು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಒಂದೊಂದನ್ನೂ ಹೆಸರಿಟ್ಟು ಹೇಳಬೇಕು. ಇದನ್ನು ಬಾಯಿಪಾಠ ಮಾಡಿಕೋ: ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್, ತೆಲುರ್, ತೆರಾಸಿ.’ ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ, ತೆರಾಸಿ ತಿನ್ನುವುದಿಲ್ಲ ಎಂದಾಯಿತು. ಒಂದು ಚೀಟಿಯಲ್ಲಿ ಇಂಗ್ಲಿಷ್ ಲಿಪಿಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು. ಯಾವುದಾದರೂ ತಿನಿಸನ್ನು ತೋರಿಸಿ ‘ತನ್ಪಾ ತೆರಾಸಿ?’ ಎಂದರೆ ತೆರಾಸಿ ಇಲ್ಲದ್ದೇ ಎಂದು ಕೇಳಿದಂತೆ. ಅವರು ಸುಳ್ಳು ಹೇಳುವವರಲ್ಲ. ಇದ್ದರೆ ಇದೆ ಎಂದು ಕೈಯಾಡಿಸಿ ಬೇರೆ ತೋರಿಸುತ್ತಾರೆ.

ಇಷ್ಟು ಜೋಪಾನ ಮಾಡಿಕೊಂಡರೆ ನಿನಗೆ ತಿನ್ನಲು ಬೇಕಾದಷ್ಟಿದೆ. ತೆಂಪೆಯನ್ನು ಮೊದಲ ದಿನವೇ ತಿನ್ನು. ಬೇಯಿಸಿದ ಸೋಯಾ ಕಾಳನ್ನು ಎಲೆಯಲ್ಲಿ ಸುತ್ತಿ ಒಂದೆರಡು ದಿನ ಹುದುಗಿಸಿದಾಗ ಬಿಳಿ ಬೂಷ್ಟು ಕಾಳುಗಳನ್ನೆಲ್ಲ ಬೆಸೆದು ಗಟ್ಟಿ ಬಿಲ್ಲೆಯಾಗಿಸುತ್ತದೆ. ಬೂಷ್ಟು ಎಂದು ಹೆದರಬೇಡ, ಅದನ್ನು ಬೇಕೆಂದೇ ಬೆಳೆಸುವುದು. ಜಾವಾದಿಂದ ಬಂದ ತಿನಿಸು ಇದು, ಈಗ ಬಾಲಿಯ ಮನೆಮನೆಯಲ್ಲೂ ಇದೆ. ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಹುರಿದು, ತಾಳೆಬೆಲ್ಲ ಮೆಣಸಿನಕಾಯಿಯಲ್ಲಿ ಹೊರಳಿಸಿದ್ದು ನನಗೆ ಬಹಳ ಇಷ್ಟ. ‘ಉರಾಪ್’ ಎಂದರೆ ಬೇಯಿಸಿದ ಸೊಪ್ಪು, ಅಲಸಂದೆ ಕಾಯಿ, ಮೊಳಕೆಕಾಳಿಗೆ ಮಸಾಲೆ ಬೆರೆಸಿದ ತೆಂಗಿನತುರಿ ಕಲೆಸಿದ್ದು. ಕ್ಲುಂಗ್‌ಕುಂಗ್ ಸಂತೆಯಲ್ಲಿ ಇದರದೇ ಇನ್ನೊಂದು ರೂಪ ‘ಸೆರೊಂಬೊತಾನ್’ ಸಿಗುತ್ತದೆ, ಖಾರ ಜಾಸ್ತಿ. ‘ತಿಪತ್ ಚಾಂತೊಕ್’ ನಿನ್ನ ಮಧ್ಯಾಹ್ನದ ಊಟಕ್ಕೆ ಹೇಳಿ ಮಾಡಿಸಿದ್ದು. ತೆಂಗಿನಗರಿಯ ಹೆಣೆದ ಗೂಡಿನಲ್ಲಿ ಬೇಯಿಸಿದ ಅನ್ನದ ಗಟ್ಟಿಯನ್ನು ಕತ್ತರಿಸಿ, ಬೇಯಿಸಿದ ತರಕಾರಿ, ಹುರಿದ ತೋಫು ಸೇರಿಸಿ, ನಿನ್ನ ಕಣ್ಣೆದುರೇ ಕಲ್ಲಿನ ಮೇಲೆ ಕಡಲೆಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಕಲೆಸಿಕೊಡುತ್ತಾರೆ. ಅಲ್ಲೇ ನಿಂತು ‘ತನ್ಪಾ ತೆರಾಸಿ’ ಎಂದುಬಿಟ್ಟರೆ ಆಯಿತು. ಹಾಗೆಂದು ಹಣ್ಣಿನ ‘ರುಜಾಕ್’ ಕಂಡಕೂಡಲೇ ಕೈಚಾಚಬೇಡ. ‘ಕುವಾಹ್ ಪಿಂದಾಂಗ್’ ಎಂದಿದ್ದರೆ ಆ ಹಣ್ಣಿನ ಮೇಲೆ ಸುರಿಯುವುದು ಮೀನು ಬೇಯಿಸಿದ ನೀರು.

ಸಿಹಿಯ ವಿಷಯದಲ್ಲಿ ನಿನಗೆ ಅಂಜಿಕೆಯೇ ಬೇಡ. ಬೆಳಿಗ್ಗೆ ಸಂತೆಗಳಲ್ಲಿ ಹೆಂಗಸರು ಮಣ್ಣಿನ ಕಾವಲಿಯ ಗುಳಿಗಳಲ್ಲಿ ಅಕ್ಕಿಹಿಟ್ಟು ಹುಯ್ದು ‘ಲಕ್ಲಾಕ್’ ಬೇಯಿಸುತ್ತಿರುತ್ತಾರೆ, ನಮ್ಮ ಪಡ್ಡಿನ ಹಾಗೆಯೇ, ಸ್ವಲ್ಪ ಚಪ್ಪಟೆ. ಮೇಲೆ ತೆಂಗಿನತುರಿ, ಅದರ ಮೇಲೆ ಕರಗಿಸಿದ ತಾಳೆಬೆಲ್ಲ. ಹಸಿರು ಬಣ್ಣ ಎಲೆಯ ರಸದ್ದು. ಆರಿದ್ದನ್ನು ಪ್ಯಾಕೆಟಿನಲ್ಲಿ ಕೊಳ್ಳಬೇಡ. ಕಾವಲಿಯ ಮುಂದೆ ಕಾದು ನಿಂತು ಬಿಸಿಬಿಸಿಯಾಗಿ ತಿನ್ನು. ‘ಕ್ಲೆಪೊನ್’ ಉಂಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು, ಕಚ್ಚಿದರೆ ಒಳಗಿನ ಬೆಲ್ಲದ ಪಾಕ ಸೀರೆಗೆ ಚಿಮ್ಮುತ್ತದೆ. ಕಪ್ಪಕ್ಕಿಯನ್ನು ತೆಂಗಿನಹಾಲಿನ ಜೊತೆ ಕೊಡುವ ‘ಬುಬುರ್ ಇಂಜಿನ್’ ಪಾಯಸವನ್ನು ಒಂದು ಬೆಳಗಿನ ತಿಂಡಿಯಾಗಿಯೇ ತಿನ್ನಬಹುದು.

ಅಳಿಯಂದಿರು ಕರಾವಳಿಯವರು, ಮೀನು ಮಾಂಸ ತಿನ್ನುವವರು. ಅವರಿಗೆ ನಾನು ರುಚಿ ಹೇಳಲಾರೆ, ಕೇಳಿ ತಿಳಿದದ್ದನ್ನು, ಮಾಡುವುದನ್ನು ನೋಡಿದ್ದನ್ನು ಹೇಳಬಲ್ಲೆ. ಬಾಲಿಯ ಅಡುಗೆಯ ಜೀವಾಳ ‘ಬಾಸೆ ಗೆನೆಪ್’ ಎಂಬ ಅರೆದ ಮಸಾಲೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಶುಂಠಿಯ ಜಾತಿಯವೇ ಆದ ಇನ್ನೆರಡು ಗೆಡ್ಡೆ, ಮೆಣಸಿನಕಾಯಿ, ಕಾಳುಮೆಣಸು, ಕೊತ್ತಂಬರಿ ಬೀಜ, ಎಣ್ಣೆ ಒಸರುವ ಕೆಮಿರಿ ಬೀಜ, ತೆರಾಸಿ. ಎಲ್ಲ ಹಸಿಯಾಗಿ ಅರೆಯುವುದು. ಹಬ್ಬದ ಹಿಂದಿನ ರಾತ್ರಿ ಗಂಡಸರು ಸಾಲಾಗಿ ಕೂತು ಕೊಚ್ಚುತ್ತಾರೆ. ಬಾಲಿಯಲ್ಲಿ ಹಬ್ಬದಡುಗೆ ಗಂಡಸರ ಕೆಲಸ. ಈ ಮಸಾಲೆ ತುಂಬಿ, ಬಾಳೆಎಲೆಯಲ್ಲೂ ಅಡಿಕೆಹಾಳೆಯಲ್ಲೂ ಸುತ್ತಿ, ಭತ್ತದ ಹೊಟ್ಟಿನ ಕೆಂಡದಲ್ಲಿ ಗಂಟೆಗಟ್ಟಲೆ ಹುದುಗಿಸಿ ಬೇಯಿಸಿದ ಬಾತು ‘ಬೆಬೆಕ್ ಬೆತುತು’. ಒಳ್ಳೆಯ ಕಡೆ ಒಂದು ದಿನ ಮೊದಲೇ ಹೇಳಿಡಬೇಕು. ಕೂತ ಹತ್ತು ನಿಮಿಷದಲ್ಲಿ ಅದನ್ನು ತಂದಿಟ್ಟರೆ ಕೆಂಡದಲ್ಲಿ ಬೆಂದದ್ದಲ್ಲವೆಂದು ತಿಳಿಯಬೇಕು. ಮಜ್ಜಿಗೆಹುಲ್ಲಿನ ಕಡ್ಡಿಗೆ ಮೀನಿನ ಚೂರು ಮತ್ತು ತೆಂಗಿನತುರಿಯ ಮುದ್ದೆ ಮೆತ್ತಿ ಸುಡುವ ‘ಸಾತೆ ಲಿಲಿತ್’ ಕರಾವಳಿಯವರ ನಾಲಿಗೆಗೆ ಹಿಡಿಸುತ್ತದೆ.

ಹಂದಿ ತಿನ್ನುವವರಾದರೆ ಸುಟ್ಟ ಹಂದಿಯ ‘ಬಾಬಿ ಗುಲಿಂಗ್’ ಹೆಸರು ಅವರು ಕೇಳಿಯೇ ಇರುತ್ತಾರೆ. ಬೆಳಗಿನ ಜಾವ ಸುಡಲು ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಖಾಲಿ ಮಾಡುವ ಕಡೆ ಹೋಗಬೇಕು. ಸಂಜೆ ಸಿಗುವುದು ಬೆಳಗಿನದ್ದು. ಸಂಜೆಯೇ ಬೇಕೆಂದರೆ ಗಿಯಾನ್ಯಾರ್‌ನ ರಾತ್ರಿಸಂತೆಗೆ ಹೋಗಿ, ಅಲ್ಲಿ ಸಂಜೆಯ ಗಿರಾಕಿಗಾಗಿಯೇ ಸುಡುತ್ತಾರೆ. ಆ ಸಂತೆಯಲ್ಲಿ ನಿನಗೂ ಜೋಳದ ತೆನೆ, ಹುರಿದ ಬಾಳೆಹಣ್ಣು, ಸಿಹಿತಿಂಡಿ ಸಾಲುಸಾಲಾಗಿ ಸಿಗುತ್ತದೆ, ಇಬ್ಬರಿಗೂ ಒಂದೇ ಕಡೆ ಆಗುತ್ತದೆ. ಒಂದು ಎಚ್ಚರ: ‘ಲಾವಾರ್’ ಎಂಬ ಕೊಚ್ಚಿದ ಮಾಂಸ ತರಕಾರಿಯ ತಿನಿಸಿನಲ್ಲಿ ಕೆಂಪನೆಯದಕ್ಕೆ ಹಸಿ ರಕ್ತ ಬೆರೆಸಿರುತ್ತಾರೆ. ಅದು ಊರವರಿಗೆ ಅಭ್ಯಾಸ, ಆದರೆ ಹಸಿ ರಕ್ತದಿಂದ ಕಾಯಿಲೆ ಬರುವ ಅಪಾಯ ಇದ್ದೇ ಇದೆ. ‘ಲಾವಾರ್ ಪುತಿಹ್’ ಎಂದು ಬಿಳಿಯದ್ದನ್ನು ಕೇಳಲಿ.

ಮೀನಿಗೆ ಜಿಂಬರನ್ ಎಂದು ಎಲ್ಲರೂ ಹೇಳುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಮರಳಿನ ಮೇಲೆ ನೂರಾರು ಮೇಜು ಹಾಕಿ, ತೆಂಗಿನ ಸಿಪ್ಪೆಯ ಕೆಂಡದಲ್ಲಿ ಮೀನು ಸುಡುತ್ತಾರೆ. ನೋಡಲು ಚೆನ್ನ. ಆದರೆ ಅಲ್ಲಿ ಬೆಲೆ ತೂಕದ ಲೆಕ್ಕ. ಮೀನು ಆರಿಸಿ, ಕಣ್ಣೆದುರು ತೂಗಿಸಿ, ಅನ್ನ, ಸೊಪ್ಪು, ಸಂಬಲ್ ಸೇರಿ ಒಟ್ಟು ಎಷ್ಟು ಎಂದು ಬರೆಸಿಕೊಂಡ ಮೇಲೆಯೇ ಕೂರಬೇಕು. ಅದಕ್ಕಿಂತ ನನಗೆ ಮೆಚ್ಚುಗೆಯಾದ ದಾರಿ ಅಲ್ಲೇ ಹತ್ತಿರದ ಕೆಡೊಂಗಾನನ್ ಮೀನುಮಾರುಕಟ್ಟೆಯದ್ದು. ದೋಣಿ ಬಂದಾಗ ಮೀನು ನೀವೇ ಕೊಂಡು ಪಕ್ಕದ ಒಲೆಯವರಿಗೆ ಕೊಟ್ಟರೆ ಕೂಲಿ ತೆಗೆದುಕೊಂಡು ಸುಟ್ಟುಕೊಡುತ್ತಾರೆ. ಮೀನಿನ ಕಿವಿರು ನೋಡಿ ಆರಿಸುವುದನ್ನು ಅಳಿಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬತೂರ್ ಬೆಟ್ಟ ನೋಡಲು ಕಿಂತಾಮಣಿಗೆ ಹೋದಾಗ ಟೂರಿನವರು ಬೆಟ್ಟದಂಚಿನ ಬಫೆ ಹೋಟೆಲಿಗೆ ಕರೆದೊಯ್ಯುತ್ತಾರೆ. ಅದನ್ನು ಬಿಟ್ಟು ಸರೋವರದ ಮೀನನ್ನು ಮಸಾಲೆಯಲ್ಲಿ ಬತ್ತಿಸಿದ ‘ಮುಜಾಯಿರ್ ನ್ಯಾತ್‌ನ್ಯಾತ್’ ಎಲ್ಲಿ ಸಿಗುತ್ತದೆಂದು ಡ್ರೈವರನ್ನು ಕೇಳಲಿ.

ಹೊಟ್ಟೆಯ ಬಗ್ಗೆ ಎರಡು ಮಾತು, ಅಮ್ಮನಿಗೆ ಅದೇ ಚಿಂತೆ. ನಲ್ಲಿ ನೀರು ಕುಡಿಯಬೇಡಿ, ಅದರಲ್ಲಿ ಹಲ್ಲು ತೊಳೆದು ಬಾಯಿ ಮುಕ್ಕಳಿಸುವುದೂ ಬೇಡ. ಮನೆಯಿಂದ ಸ್ಟೀಲ್ ಬಾಟಲಿ ಒಯ್ಯಿರಿ. ಹೋಟೆಲುಗಳಲ್ಲಿ, ಕೆಫೆಗಳಲ್ಲಿ ಶುದ್ಧ ನೀರು ತುಂಬಿಸಿಕೊಡುತ್ತಾರೆ. ಆ ಪುಟ್ಟ ದ್ವೀಪ ಪ್ಲಾಸ್ಟಿಕ್ ಕಸದಲ್ಲಿ ಮುಳುಗುತ್ತಿದೆ, ಮಳೆಗಾಲದಲ್ಲಿ ಕುಟಾದ ಮರಳ ಮೇಲೆ ಅದೆಲ್ಲ ತೇಲಿಬಂದು ಬೀಳುತ್ತದೆ. 2019ರಿಂದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ, ಸ್ಟ್ರಾ ಕೊಡುವುದನ್ನು ನಿಷೇಧಿಸಿದ್ದಾರೆ, ಬಟ್ಟೆಚೀಲ ಜೊತೆಗಿರಲಿ. ಐಸಿನಲ್ಲಿ ನಡುವೆ ತೂತಿರುವ ಕೊಳವೆಯಾಕಾರದ ತುಂಡು ಕಾರ್ಖಾನೆಯಲ್ಲಿ ಮಾಡಿದ್ದು, ಅಡ್ಡಿಯಿಲ್ಲ. ದೊಡ್ಡ ಗಡ್ಡೆ ಒಡೆದು ಹಾಕಿದ್ದಾದರೆ ಬೇಡವೆನ್ನಿ. ಹೆಚ್ಚಿಟ್ಟ ಹಣ್ಣು ಬೇಡ, ಸಿಪ್ಪೆ ಸುಲಿದು ತಿನ್ನುವ ಹಣ್ಣು ಬೇಕಾದಷ್ಟು ತಿನ್ನಿ. ಕಾರಂಗಾಸೆಮ್ ಕಡೆಯ ಸಿಬೆತಾನ್ ಊರಿನ ‘ಸಲಾಕ್’ ಹಣ್ಣಿನ ಸಿಪ್ಪೆ ಹಾವಿನ ಚರ್ಮದಂತಿರುತ್ತದೆ. ತುದಿ ಚಿವುಟಿ ಸುಲಿದರೆ ಒಳಗೆ ಗರಿಗರಿಯಾದ ಸಿಹಿ ತೊಳೆ. ಓಆರ್‌ಎಸ್ ಪುಡಿಯ ನಾಲ್ಕು ಪೊಟ್ಟಣ ಕೈಚೀಲದಲ್ಲಿರಲಿ. ಜ್ವರ ಬಂದರೆ ಅಥವಾ ರಕ್ತಭೇದಿ ಆದರೆ ಮನೆಮದ್ದು ಮಾಡುತ್ತ ಕೂರಬೇಡಿ, ಕ್ಲಿನಿಕ್ಕಿಗೆ ಹೋಗಿ.

ಕುಡಿಯಲು ಅಲ್ಲಿ ಏನೇನಿದೆ! ಎಳನೀರು ಹೇಗೂ ಇದೆ. ‘ಎಸ್ ದಲುಮಾನ್’ ಹುಡುಕಿ ಕುಡಿ. ನಮ್ಮ ಮಲೆನಾಡಿನಲ್ಲಿ ಹಾಡೆಬಳ್ಳಿಯ ಸೊಪ್ಪನ್ನು ನೀರಿನಲ್ಲಿ ಹಿಸುಕಿ ಇಟ್ಟರೆ ಹೆಪ್ಪುಗಟ್ಟುತ್ತದಲ್ಲ, ಅದರ ಹತ್ತಿರದ ಸಂಬಂಧಿ ಬಳ್ಳಿಯ ಎಲೆಯಿಂದ ಮಾಡಿದ ಹಸಿರು ಹೆಪ್ಪನ್ನು ತೆಂಗಿನಹಾಲು, ತಾಳೆಬೆಲ್ಲ, ಐಸಿನ ಜೊತೆ ಕೊಡುತ್ತಾರೆ. ಬಿಸಿಲಿನಲ್ಲಿ ದೇಗುಲ ಸುತ್ತಿ ಬಂದಾಗ ಅದರಷ್ಟು ತಂಪು ಬೇರೆಯಿಲ್ಲ. ಬಾಂಗ್ಲಿ ಸೀಮೆಯ ಪೆಂಗ್ಲಿಪುರನ್ ಹಳ್ಳಿ ನೋಡಲು ಹೋದರೆ ಅಲ್ಲಿಯ ಮನೆಗಳಲ್ಲೇ ಮಾರುವ ‘ಲೊಲೊಹ್ ಚೆಮ್‌ಚೆಮ್’ ಕೊಳ್ಳು. ಕಾಡು ಅಮಟೆಯ ಎಲೆಯ ರಸಕ್ಕೆ ಬೆಲ್ಲ, ಉಪ್ಪು, ಮೆಣಸಿನಕಾಯಿ ಸೇರಿಸಿದ್ದು. ಹುಳಿ, ಸಿಹಿ, ಖಾರ ಒಟ್ಟಿಗೆ. ನಾವು ಅಮಟೆಯ ಕಾಯನ್ನು ಉಪ್ಪಿನಕಾಯಿ ಹಾಕಿ ಎಲೆಯನ್ನು ಮರೆತಿದ್ದೇವೆ, ಅವರು ಎಲೆಯನ್ನೇ ಕುಡಿಯುತ್ತಾರೆ.

ಕಾಫಿ ಕುಡಿಯುವ ಮನೆತನದವಳು ನೀನು, ಇದನ್ನು ಗಮನವಿಟ್ಟು ಕೇಳು. ಉಬುದ್ ಸುತ್ತಮುತ್ತ ಡ್ರೈವರುಗಳು ‘ಕಾಫಿ ತೋಟ’ ಎಂದು ಕರೆದೊಯ್ಯುವ ಜಾಗಗಳಲ್ಲಿ ಹೆಚ್ಚಿನವು ‘ಲುವಾಕ್’ ಕಾಫಿಯ ಅಂಗಡಿಗಳು. ಪುನುಗು ಬೆಕ್ಕು ಕಾಫಿಹಣ್ಣು ತಿಂದು ಹಾಕಿದ ಬೀಜದ ಕಾಫಿ ಅದು. ಕಾಡಿನಲ್ಲಿ ರಾತ್ರಿ ಒಂಟಿಯಾಗಿ ಅಲೆಯುವ ಆ ಪ್ರಾಣಿಯನ್ನು ಹಗಲು ಹೊತ್ತಿನಲ್ಲಿ ಪಂಜರದಲ್ಲಿ ಕೂಡಿಹಾಕಿ, ಹಣ್ಣು ತಿನ್ನಿಸಿ, ಬಂದವರಿಗೆ ತೋರಿಸುತ್ತಾರೆ. ಅದರ ಕಣ್ಣು ನೋಡಲಾಗುವುದಿಲ್ಲ. ಕೊಡಗಿನಲ್ಲೂ ಪುನುಗು ಕಾಫಿ ಇದೆ, ಅಲ್ಲೂ ನಾನು ಇದನ್ನೇ ಹೇಳುತ್ತೇನೆ. ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡ. ಕಿಂತಾಮಣಿಯ ಅರೇಬಿಕಾ ಕಾಫಿ ಕುಡಿ. ಕಿತ್ತಳೆ ಗಿಡಗಳ ನಡುವೆ ಬೆಳೆಯುವ ಆ ಕಾಫಿಗೆ 2008ರಲ್ಲಿ ಇಂಡೋನೇಷ್ಯಾದ ಮೊದಲ ಭೌಗೋಳಿಕ ಗುರುತು ಸಿಕ್ಕಿತು. ವಾರುಂಗುಗಳಲ್ಲಿ ನುಣ್ಣನೆಯ ಕಾಫಿಪುಡಿಗೆ ಕುದಿನೀರು ಸುರಿದು ಲೋಟದಲ್ಲೇ ಕೊಡುತ್ತಾರೆ, ಸೋಸುವುದಿಲ್ಲ. ಗಸಿ ತಳಕ್ಕೆ ಇಳಿಯುವ ತನಕ ನಾಲ್ಕೈದು ನಿಮಿಷ ಕಾಯಬೇಕು, ಆಮೇಲೆ ಕದಡಬಾರದು. ಹಾಲಿಲ್ಲದೆ ಮೊದಲ ಗುಟುಕು ಕಹಿ ಎನಿಸಬಹುದು. ಜೊತೆಗೆ ಹುರಿದ ಬಾಳೆಹಣ್ಣು ತರಿಸಿಕೋ.

ಇನ್ನು ಮದ್ಯದ ಮಾತು. ನೀವು ಕುಡಿಯುತ್ತೀರೋ ಇಲ್ಲವೋ ನಾನು ಕೇಳುವುದಿಲ್ಲ, ಹೇಳಬೇಕಾದದ್ದು ಹೇಳಿಬಿಡುತ್ತೇನೆ. ತೆಂಗು, ತಾಳೆಮರಗಳಿಂದ ಇಳಿಸಿದ ಹೆಂಡ ‘ತುಆಕ್’. ಅದನ್ನು ಭಟ್ಟಿಯಿಳಿಸಿದರೆ ‘ಅರಾಕ್’. ಅಕ್ಕಿಯಿಂದ ಮಾಡುವ ಸಿಹಿ ಮದ್ಯ ‘ಬ್ರೆಮ್’. ಅರಾಕ್ ಮತ್ತು ಬ್ರೆಮ್ ಪೂಜೆಯಲ್ಲಿ ನೆಲಕ್ಕೆ ಹನಿಸುವ ವಸ್ತುಗಳು, ಅವರಿಗೆ ಪವಿತ್ರ. ಕಾರಂಗಾಸೆಮ್ ಸೀಮೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಭಟ್ಟಿಯಿಳಿಸುವ ಮನೆಗಳಿವೆ. 2020ರಲ್ಲಿ ಬಾಲಿಯ ಗವರ್ನರ್ ಇದಕ್ಕೆ ನಿಯಮ ತಂದ ಮೇಲೆ ಲೇಬಲ್, ಅಬಕಾರಿ ಚೀಟಿ ಅಂಟಿಸಿದ ಅರಾಕ್ ಬಾಟಲಿ ಅಂಗಡಿಗಳಲ್ಲಿ ಸಿಗುತ್ತದೆ. ಕೇಡಿರುವುದು ಕಲಬೆರಕೆಯಲ್ಲಿ. ಇಂಡೋನೇಷ್ಯಾದಲ್ಲಿ ಹೊರದೇಶದ ಮದ್ಯಕ್ಕೆ ತೆರಿಗೆ ವಿಪರೀತ, ಹಾಗಾಗಿ ಅಗ್ಗದ ಕಾಕ್‌ಟೇಲಿನಲ್ಲಿ ಏನು ಬೆರೆಸಿರುತ್ತಾರೆಂದು ಹೇಳಲಾಗದು. ಮೆಥನಾಲ್ ಬೆರೆತರೆ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ. 2009ರಲ್ಲಿ ಅಂಥ ಅರಾಕ್ ಕುಡಿದು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಪ್ರವಾಸಿಗರೂ ಇದ್ದರು. ಬಣ್ಣ, ವಾಸನೆ, ರುಚಿಯಲ್ಲಿ ಅದು ಗೊತ್ತಾಗುವುದಿಲ್ಲ.

ಆದ್ದರಿಂದ ಬಿಯರ್ ಆದರೆ ನಿಮ್ಮೆದುರು ಮುಚ್ಚಳ ತೆಗೆದದ್ದು. ಅರಾಕ್ ಆದರೆ ಚೀಟಿ ಅಂಟಿಸಿದ ಬಾಟಲಿಯಿಂದ ನಿಮ್ಮೆದುರು ಸುರಿದದ್ದು. ನೀರಿನ ಹಳೇ ಬಾಟಲಿಯಲ್ಲಿ ತುಂಬಿ ಕೊಟ್ಟದ್ದನ್ನು, ‘ಒಂದಕ್ಕೆ ಒಂದು ಉಚಿತ’ದ ಲೋಟವನ್ನು, ಬಕೆಟ್ಟಿನಲ್ಲಿ ಸ್ಟ್ರಾ ಹಾಕಿ ಕೊಡುವುದನ್ನು ಮುಟ್ಟಬೇಡಿ. ಕುಡಿದ ಮರುದಿನ ವಿಪರೀತ ತಲೆನೋವು, ವಾಂತಿಯ ಜೊತೆ ಕಣ್ಣು ಮಂಜಾದರೆ ಅದನ್ನು ಹ್ಯಾಂಗೋವರ್ ಎಂದು ಮಲಗಿಬಿಡಬಾರದು. ವಿಷ ತಲೆಗೇರಲು ಅರ್ಧ ದಿನ, ಒಂದು ದಿನ ಬೇಕಾಗುತ್ತದೆ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋದರೆ ಅದಕ್ಕೆ ಮದ್ದಿದೆ. ಕುಡಿದು ಬಾಡಿಗೆ ಸ್ಕೂಟರ್ ಹತ್ತುವುದಿಲ್ಲ ಎಂದು ಇಬ್ಬರೂ ನನಗೆ ಮಾತು ಕೊಡಬೇಕು.

ಅನ್ನ ಬೆಂದ ಮೇಲೆ ಬಾಲಿಯ ಮನೆಗಳಲ್ಲಿ ಮೊದಲು ತಾವು ಉಣ್ಣುವುದಿಲ್ಲ. ಬಾಳೆಎಲೆಯ ಚೂರುಗಳ ಮೇಲೆ ಚಿಟಿಕೆ ಅನ್ನ, ಉಪ್ಪು ಇಟ್ಟು ಒಲೆ, ಬಾವಿ, ಬಾಗಿಲು, ಅಂಗಳಕ್ಕೆಲ್ಲ ಇಟ್ಟುಬರುತ್ತಾರೆ. ಹೂವಿನ ‘ಚನಾಂಗ್’ ಬುಟ್ಟಿಗಳನ್ನು ಅಂಗಡಿಯ ಮುಂದೆ, ಕಾಲುದಾರಿಯ ಮೇಲೆ, ಸ್ಕೂಟರಿನ ಮೇಲೂ ಇಟ್ಟಿರುತ್ತಾರೆ. ಜನಜಂಗುಳಿಯಲ್ಲಿ ಫೋನ್ ನೋಡುತ್ತ ನಡೆದರೆ ತುಳಿಯುವುದು ಖಂಡಿತ. ಕಾಲ ಕೆಳಗೆ ನೋಡಿ ನಡೆಯಿರಿ, ಬದಿಯಿಂದ ದಾಟಿ. ಗದ್ದೆಯ ಬದುವಿನ ಮೇಲೂ ಹಾಗೆಯೇ. ಆ ಗದ್ದೆಗಳಿಗೆ ನೀರು ಹಂಚುವ ರೈತರ ‘ಸುಬಾಕ್’ ಸಂಘಟನೆಯ ನೆಲವನ್ನು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೋಟೆಲು, ವಿಲ್ಲಾಗಳು ದಕ್ಷಿಣದ ಗದ್ದೆಗಳನ್ನು ಒಂದೊಂದಾಗಿ ನುಂಗುತ್ತಿರುವುದನ್ನು ನೋಡಿದರೆ 2012ರ ಆ ಮನ್ನಣೆ ಸಾಲದು ಎನಿಸುತ್ತದೆ. ಜಾತಿಲುವಿಹ್‌ಗೆ ಹೋದರೆ ಅಲ್ಲಿಯ ಗದ್ದೆಯದ್ದೇ ಕೆಂಪಕ್ಕಿ ಅನ್ನ ಕೇಳಿ ಉಣ್ಣಿ, ಬೆಳೆದವನಿಗೆ ಬೆಲೆ ಸಿಗಲಿ.

ಹೋಗುವ ತಿಂಗಳು ಮಾರ್ಚ್ ಆದರೆ ಪಂಚಾಂಗ ನೋಡಿಕೊಳ್ಳಿ. ಸಾಮಾನ್ಯವಾಗಿ ಆ ತಿಂಗಳಲ್ಲೇ ಅವರ ಹೊಸವರ್ಷ ‘ನ್ಯೆಪಿ’ ಬರುತ್ತದೆ. ಅಂದು ಇಡೀ ದಿನ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಅಂಗಡಿ ತೆರೆಯುವುದಿಲ್ಲ, ಬೀದಿಗೆ ಯಾರೂ ಇಳಿಯುವಂತಿಲ್ಲ. ಹಿಂದಿನ ದಿನವೇ ಹಣ್ಣು, ತಿಂಡಿ ತಂದಿಟ್ಟುಕೊಳ್ಳಿ. ಆ ಒಂದು ದಿನದ ಮೌನವನ್ನು ಅವರ ಜೊತೆ ಆಚರಿಸಿ.

ನಾಲಿಗೆ ಬೇಸತ್ತು ಸಾರು ಅನ್ನ ಬೇಕೆನಿಸಿದರೆ ಇಂಡಿಯನ್ ಹೋಟೆಲುಗಳು ಕುಟಾ, ಸೆಮಿನ್ಯಾಕ್, ಉಬುದ್ ಎಲ್ಲ ಕಡೆ ಇವೆ. ಒಂದು ರಾತ್ರಿ ಹೋಗಿ ದಾಲ್ ಉಂಡು ಬನ್ನಿ, ತಪ್ಪೇನಿಲ್ಲ. ಉಳಿದ ಊಟಗಳನ್ನು ಅಲ್ಲಿಯವರ ಕೈಯಡುಗೆಗೆ ಬಿಡಿ. ಮೊದಲ ದಿನ ಬೆಳಿಗ್ಗೆಯೇ ಹೋಟೆಲಿನ ಉಚಿತ ತಿಂಡಿ ಬಿಟ್ಟು ಡೆನ್ಪಸಾರ್‌ನ ಬಾಡುಂಗ್ ಸಂತೆಗೆ ಹೋಗಿ, ಸಾನೂರಿನಲ್ಲಿ ಇಳಿದುಕೊಂಡಿದ್ದರೆ ಸಿಂಧು ಸಂತೆಗೆ. ಬರುವಾಗ ನನಗೆ ಗೊಂಬೆ, ಬಟ್ಟೆ ಏನೂ ಬೇಡ. ಕುಸಂಬಾ ತೀರದಲ್ಲಿ ಕಪ್ಪು ಮರಳಿನಿಂದ ಸಮುದ್ರದ ನೀರು ಸೋಸಿ, ಕೊರೆದ ತೆಂಗಿನ ದಿಮ್ಮಿಗಳಲ್ಲಿ ಬಿಸಿಲಿಗಿಟ್ಟು ಉಪ್ಪು ಮಾಡುವ ಕೆಲವು ಮನೆಗಳು ಇನ್ನೂ ಉಳಿದಿವೆ. ಅವರ ಕೈಯಿಂದಲೇ ಅರ್ಧ ಕಿಲೋ ಉಪ್ಪು ಕೊಂಡು ತಾ, ಹೇಳಿದ ಬೆಲೆ ಕೊಟ್ಟು.

ನಿನ್ನ ದೊಡ್ಡಮ್ಮ